ಪಾಲಿಹೌಸ್ ಕಂಪನಿಗೆ ಹಾಕಿದ ದುಡ್ಡು ಸಾಲವೇ ಅಂತ ತೋರಿಸುವುದು ಹೇಗೆ?

ಅಣ್ಣಾ, ಮಹಾರಾಷ್ಟ್ರದ ತಳೇಗಾಂವ್‌ನ ಗುಲಾಬಿ ಪಾಲಿಹೌಸ್ ಕಂಪನಿಗೆ ನೀವೂ ನಿಮ್ಮ ಭಾವನೂ 2023ರಲ್ಲಿ ಷೇರಿನ ಹೊರತಾಗಿ 18 ಲಕ್ಷ ಹಾಕಿದ್ದೀರಿ. ಈಗ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬಂದಿದೆ. ಹಳೇ ತಾರೀಖು ಹಾಕಿ ಕರಾರು ಪತ್ರ ಮಾಡಿಸಬಹುದಾ ಅಂತ ಕೇಳಿದ್ದೀರಿ.

ಅದೊಂದು ಮಾತ್ರ ಬೇಡ. ಸ್ಟಾಂಪ್ ಪೇಪರ್ ಮೇಲೆ ಕೊಂಡ ದಿನ ಇರುತ್ತದೆ. ಮಹಾರಾಷ್ಟ್ರದಲ್ಲಿ ಇಂಥ ಕರಾರಿಗೆ 100ರ ಬದಲು 500ರ ಪೇಪರ್ ಬೇಕು ಅಂತಾದದ್ದೇ 2024ರ ಅಕ್ಟೋಬರ್‌ನಲ್ಲಿ, ಅದರ ಮೇಲೆ 2023ರ ತಾರೀಖು ಹೊಂದುವುದಿಲ್ಲ. ಸುಮ್ನೆ ನಿಜವಾದ ಸಾಲಕ್ಕೂ ಸುಳ್ಳಿನ ಬಣ್ಣ ಹತ್ತುತ್ತದೆ. ಬೇಕಿದ್ದರೆ ಇವತ್ತಿನ ತಾರೀಖಿನಲ್ಲೇ ಬಾಕಿ ಖಚಿತಪಡಿಸುವ ಪತ್ರ ಬರೆಸಿ. ಅದು ತಪ್ಪಲ್ಲ.

ಅಧಿಕಾರಿ ಕೇಳುವುದು ಮೂರು: ಕೊಟ್ಟವರು ಯಾರು, ಕೊಡುವ ಶಕ್ತಿ ಇತ್ತಾ, ವ್ಯವಹಾರ ನಿಜವಾ. ಮೊದಲನೆಯದಕ್ಕೆ ಪ್ಯಾನ್, ರಿಟರ್ನ್ ಸಾಕು. ಜನ ಎಡವುವುದು ಎರಡನೆಯದರಲ್ಲಿ. 2022-23ರ ಹಣಕಾಸು ವರ್ಷದಿಂದ ಸಾಲ ಕೊಟ್ಟವರಿಗೆ ಆ ದುಡ್ಡು ಎಲ್ಲಿಂದ ಬಂತು ಅಂತಲೂ ತೋರಿಸಬೇಕು. ಭಾವನದು ಬೆಳಗಾವಿ ಕಡೆಯ ಕಬ್ಬಿನ ದುಡ್ಡಾದರೆ ಫ್ಯಾಕ್ಟರಿ ಬಿಲ್ಲು, ಉತಾರ (ಪಹಣಿ), ಬ್ಯಾಂಕ್ ಪಾಸ್‌ಬುಕ್ ಎಲ್ಲ ಒಟ್ಟಿಗೆ ಕೊಡಿ. ಎಫ್‌ಡಿ ಮುರಿದಿದ್ದರೆ ಅದರ ರಸೀದಿ. ಒಪ್ಪದಿದ್ದರೆ 2023ರ ಆ ಮೊತ್ತದ ಮೇಲೆ 60% ತೆರಿಗೆ, ಸರ್ಚಾರ್ಜ್ ಮತ್ತು ಸೆಸ್ ಸೇರಿ 78%. ಆಟ ಅಲ್ಲ.

ಮೂರನೆಯದಕ್ಕೆ ದುಡ್ಡು ಬ್ಯಾಂಕ್ ಮೂಲಕ ಬಂದಿರಬೇಕು. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೋರ್ಡ್ ಮೀಟಿಂಗ್ ನಡಾವಳಿ, ಆಗಿನ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲ ಅಂತಲೇ ಇರುವ ಸಾಲು, ವಾಪಸ್ ಕೊಟ್ಟ ಕಂತು ಇದ್ದರೆ ಅದು, ಎಲ್ಲ ಲಗತ್ತಿಸಿ. ಬಡ್ಡಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅದು ಸಾಲ ಅಲ್ಲ ಅಂತಾಗುವುದಿಲ್ಲ.

ಕಂಪನಿ ಕಾಯ್ದೆಯದು ಬೇರೆ ಪಂಚಾಯ್ತಿ. ಡೈರೆಕ್ಟರ್ ಕೊಟ್ಟ ದುಡ್ಡು ಠೇವಣಿ ಅನ್ನಿಸಬಾರದೆಂದರೆ, ಅದು ಬೇರೆಯವರಿಂದ ಸಾಲ ತಂದದ್ದಲ್ಲ ಅಂತ ಕೊಡುವಾಗಲೇ ಬರೆದುಕೊಟ್ಟಿರಬೇಕು. ಪ್ರೈವೇಟ್ ಕಂಪನಿಯಲ್ಲಿ ಡೈರೆಕ್ಟರ್‌ನ ಸಂಬಂಧಿಕರಿಗೂ ಇದೇ ಸವಲತ್ತು. ಆದರೆ ತಮಾಷೆ ನೋಡಿ, ಆ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಅಕ್ಕ ಇದ್ದಾಳೆ, ಭಾವ ಇಲ್ಲ! ಭಾವ ಬರೀ ಷೇರುದಾರರಾದರೆ ಅವರ ದುಡ್ಡು ಸದಸ್ಯರ ಠೇವಣಿ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೂ ಪ್ರೈವೇಟ್ ಕಂಪನಿಗೆ ಒಂದು ಮಿತಿಯವರೆಗೆ ರಿಯಾಯಿತಿ ಇದೆ, ಕಂಪನಿ ಸೆಕ್ರೆಟರಿಗೆ ತೋರಿಸಿ. ಕಂಪನಿ ತನ್ನ ಸಾಲ-ಠೇವಣಿ ಲೆಕ್ಕವನ್ನು ಸರ್ಕಾರಕ್ಕೆ ಕೊಡುವ ಡಿಪಿಟಿ-3 ಫಾರ್ಮ್ ಪ್ರತಿ ಜೂನ್ 30ರೊಳಗೆ ಹಾಕಿದ್ದೀರಾ ಅಂತಲೂ ನೋಡಿಸಿ. ಹಾಕಿದ್ದರೆ ಅದೇ ಒಳ್ಳೆ ಸಾಕ್ಷಿ, ಅದರ ತಾರೀಖು ಸರ್ಕಾರದ್ದು.

ನೋಟಿಸ್‌ಗೆ ಉತ್ತರ ಪೋರ್ಟಲ್‌ನಲ್ಲೇ ಕೊಡಿ. ಕಾಗದ ಹೊಂದಿಸಲು ಟೈಮ್ ಸಾಲದಿದ್ದರೆ ಗಡುವಿಗೆ ಮುಂಚೆಯೇ ಕೇಳಿಕೊಳ್ಳಿ. ಮತ್ತೆ, ಕಂಪನಿಗೆ ಕಳಿಸುವ ಸ್ವಲ್ಪ ಮುಂಚೆ ಭಾವನ ಖಾತೆಗೆ ದೊಡ್ಡ ನಗದು ಏನಾದರೂ ಬಿದ್ದಿದೆಯಾ? ಅದನ್ನು ನೋಡಿ ಇಲ್ಲೇ ಹೇಳಿ.