ಸೀರೆ ಅಂಗಡಿಯ ‘ಡಾಟ್ ಇಟಿಎಚ್’ ಹೆಸರು

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ. ಬೆಂಗಳೂರಲ್ಲಿರುವ ನನ್ನ ತಮ್ಮ ನಮ್ಮ ಅಂಗಡಿಗೆ ಅಂತ ಬ್ಲಾಕ್‌ಚೈನ್‌ನಲ್ಲಿ ‘ಡಾಟ್ ಇಟಿಎಚ್’ ಹೆಸರು ತಗೊಂಡಿದ್ದಾನೆ. ‘ಅಕ್ಕಾ, ಫೋಟೊ, ನಂಬರ್, ವಿಳಾಸ ಎಲ್ಲ ತುಂಬು’ ಅಂತಾನೆ. ಏನೇನು ಹಾಕಲಿ? ಗಿರಾಕಿಗಳು ಇದರಿಂದ ನಮ್ಮ ವೆಬ್‌ಸೈಟಿಗೆ ಬರುತ್ತಾರಾ?
– ಓದುಗರೊಬ್ಬರು, ಇಳಕಲ್

ಉತ್ತರ: ಬರುವುದಿಲ್ಲ ತಂಗಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರೋಮ್‌ನಲ್ಲಿ ಈ ಹೆಸರು ಟೈಪ್ ಮಾಡಿದರೆ ಅಂಗಡಿ ಪುಟ ತೆರೆಯುವುದಿಲ್ಲ. ಅಡ್ಡದಾರಿಗಳಿವೆ, ಆದರೆ ಲಗ್ನದ ಜವಳಿಗೆ ಬಂದವರಿಗೆ ಅದೆಲ್ಲ ಯಾಕೆ? ಬೋರ್ಡಿಗೆ, ಬಿಲ್ಲಿಗೆ ಮಾಮೂಲಿ ‘ಡಾಟ್ ಇನ್’ ಇರಲಿ.

ಹಾಗಂತ ತಮ್ಮ ಮಾಡಿದ್ದು ದಂಡ ಅಲ್ಲ. ಎಥೀರಿಯಮ್ ಅನ್ನುವುದು ಒಂದು ಬ್ಲಾಕ್‌ಚೈನ್, ಅಂದರೆ ಎಲ್ಲರೂ ನೋಡಬಹುದಾದ, ಬರೆದದ್ದನ್ನು ಅಳಿಸಲಾಗದ ಲೆಕ್ಕದ ಪುಸ್ತಕ. ಇದು ಅದರ ಮೇಲೆ 2017ರಲ್ಲಿ ಶುರುವಾದ ಎಥೀರಿಯಮ್ ನೇಮ್ ಸರ್ವಿಸ್‌ನ ಹೆಸರು. ವ್ಯಾಲೆಟ್ಟಿನ (ಆ ಪುಸ್ತಕದಲ್ಲಿರುವ ನಿಮ್ಮ ಹಣದ ಖಾತೆಯ) 42 ಅಕ್ಷರದ ವಿಳಾಸದ ಬದಲು ಅಂಗಡಿ ಹೆಸರು ಕಾಣಿಸುವುದೇ ಇದರ ಮುಖ್ಯ ಉಪಯೋಗ. ಅದಕ್ಕೆ ‘ಪ್ರೈಮರಿ ನೇಮ್’ ಅಂತ ಬೇರೆಯಾಗಿ ಸೆಟ್ ಮಾಡಬೇಕು, ಮರೆಯಬೇಡಿ.

ಫೋಟೊಕ್ಕೆ ನಿಮ್ಮ ಮುಖ ಬೇಡ, ಇಡೀ ಸೀರೆಯೂ ಬೇಡ. ಆ ಚಿತ್ರ ಅಂಗಿ ಗುಂಡಿಯಷ್ಟೇ ಕಾಣುತ್ತದೆ. ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಕೆಂಪು-ಬಿಳಿ ಹಲ್ಲುಗಳಲ್ಲಿ ಎರಡು-ಮೂರನ್ನು ಹತ್ತಿರದಿಂದ ತೆಗೆದು ಹಾಕಿ. ನಮ್ಮ ಕಡೆಯವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ‘ಡಿಸ್ಕ್ರಿಪ್ಷನ್’ನಲ್ಲಿ ಒಂದು ಸಾಲು ಕನ್ನಡದಲ್ಲೇ ಬರೆಯಿರಿ. ‘ಯುಆರ್‌ಎಲ್’ ಜಾಗದಲ್ಲಿ ವೆಬ್‌ಸೈಟ್ ಹಾಕಿ.

ಮನೆ ವಿಳಾಸ, ಸ್ವಂತ ನಂಬರ್ ಮಾತ್ರ ಬೇಡವೇ ಬೇಡ. ಬ್ಲಾಕ್‌ಚೈನ್ ಮೇಲೆ ಬರೆದದ್ದನ್ನು ನಾಳೆ ಬದಲಾಯಿಸಿದರೂ ಹಳೆಯದು ಅಲ್ಲೇ ಉಳಿಯುತ್ತದೆ, ಹುಡುಕುವವರಿಗೆ ಸಿಗುತ್ತದೆ. ಇದಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಇನ್ನೊಂದಿದೆ. ಹೆಸರು ಅಂಟಿಸಿದ ಮೇಲೆ ಆ ವ್ಯಾಲೆಟ್ಟಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಲ್ಲ ಬಯಲಾಗುತ್ತದೆ. ಎದುರಂಗಡಿಯವರೂ ಸುಮ್ನೆ ಕೂತು ಲೆಕ್ಕ ಹಾಕಬಹುದು! ಉಳಿತಾಯಕ್ಕೆ ಬೇರೆ ವ್ಯಾಲೆಟ್ ಇಟ್ಟುಕೊಳ್ಳಿ, ಎರಡರ ಮಧ್ಯೆ ಹಣ ಓಡಾಡಿಸಬೇಡಿ.

ಐದು ಅಕ್ಷರ ಅಥವಾ ಅದಕ್ಕಿಂತ ಉದ್ದದ ಹೆಸರಿಗೆ ವರ್ಷಕ್ಕೆ 5 ಡಾಲರ್, ಜೊತೆಗೆ ಬ್ಲಾಕ್‌ಚೈನ್‌ನಲ್ಲಿ ಬರೆಸುವುದಕ್ಕೆ ಕೊಡುವ ‘ಗ್ಯಾಸ್’ ಶುಲ್ಕ. ಅವಧಿ ಮುಗಿದ ಮೇಲೆ 90 ದಿನ ಕಾಯುತ್ತಾರೆ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಅಂದ ಹಾಗೆ, ಹೆಸರು ಯಾರ ವ್ಯಾಲೆಟ್ಟಿನಲ್ಲಿದೆ? ತಮ್ಮನದರಲ್ಲಿದ್ದರೆ ಅವನೇ ಮಾಲೀಕ. ಪಂಚಮಿಗೆ ಊರಿಗೆ ಬಂದಾಗ ಎದುರಿಗೆ ಕೂರಿಸಿಕೊಂಡು ನಿಮ್ಮ ವ್ಯಾಲೆಟ್ಟಿಗೆ ವರ್ಗಾಯಿಸಿಕೊಳ್ಳಿ. ನಿಮ್ಮ ವ್ಯಾಲೆಟ್ಟಿಗೆ ಬೀಗದ ಕೈಯಂತಿರುವ ಗುಟ್ಟಿನ ಪದಗಳನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ವಾಟ್ಸಾಪ್‌ನಲ್ಲಿ ಅವನಿಗೂ ಕಳಿಸಬೇಡಿ.