ಎಕ್ಟೋಪಿಕ್ ಆಪರೇಷನ್ ಆಗಿ ನಾಲ್ಕು ತಿಂಗಳಾದರೂ ಕಿಬ್ಬೊಟ್ಟೆ ನೋವು, ಪಿರಿಯಡ್ಸ್ ಏರುಪೇರು. ಇದು ಮಾಮೂಲಾ?

ಎಕ್ಟೋಪಿಕ್ ಆಗಿ (ಅಂದರೆ ಗರ್ಭ ಗರ್ಭಕೋಶದ ಹೊರಗೆ ನಿಂತು) ಎಡಗಡೆ ಟ್ಯೂಬ್, ಅಂದರೆ ಗರ್ಭನಾಳ, ತೆಗೆದು ನಾಲ್ಕು ತಿಂಗಳಾಯ್ತು, ನೋವು ಹೋಗಿಲ್ಲ, ಪಿರಿಯಡ್ಸ್ ಒಂದ್ಸಲ ಬೇಗ ಒಂದ್ಸಲ ತಡ, ಮನೆಯಲ್ಲಿ "ಸುಮ್ನಿರು, ಸರಿಹೋಗುತ್ತೆ" ಅಂತಾರೆ ಅಂತ ಬರೆದಿದ್ದೀರಿ. ನನಗೂ ಟ್ಯೂಬ್ ತೆಗೆದಿದ್ದಾರೆ, ಬಲಗಡೆದು. ನಾನು ಡಾಕ್ಟರ್ ಅಲ್ಲ. ಆದರೂ ಹೇಳ್ತೀನಿ, ನಾಲ್ಕು ತಿಂಗಳ ನೋವು ಮಾಮೂಲಲ್ಲ, ತೋರಿಸಿ.

ಪಿರಿಯಡ್ಸ್ ವಿಷಯಕ್ಕೆ ಅಷ್ಟು ಹೆದರಬೇಡಿ. ಆಪರೇಷನ್ ಆದ ತಕ್ಷಣ ಹೋಗುವ ರಕ್ತ ಮುಟ್ಟಲ್ಲ. ನಿಜವಾದ ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುತ್ತೆ, ಮೊದಮೊದಲು ಜಾಸ್ತಿ ಹೋಗಬಹುದು, ಗಡ್ಡೆ ಗಡ್ಡೆಯಾಗಿಯೂ ಹೋಗಬಹುದು. ಒಂದು ಟ್ಯೂಬ್ ಹೋದರೆ ತಿಂಗಳು ಬಿಟ್ಟು ತಿಂಗಳು ಮುಟ್ಟಾಗುತ್ತೆ ಅನ್ನೋದು ಸುಳ್ಳು. ಅಂಡಾಶಯ ಎರಡೂ ಇದ್ದೇ ಇರುತ್ತಲ್ಲ.

ಆದರೆ ಡೇಟ್ ದಾಟಿದರೆ ಮೊದಲು ಪ್ರೆಗ್ನೆನ್ಸಿಯ ಯೂರಿನ್ ಟೆಸ್ಟ್ ಮಾಡಿ. ಒಮ್ಮೆ ಎಕ್ಟೋಪಿಕ್ ಆದವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಮತ್ತೆ ಆಗುತ್ತೆ, ಆಗ ಸ್ವಲ್ಪ ಸ್ವಲ್ಪ ರಕ್ತ ಕಂಡು ಪಿರಿಯಡ್ಸೇ ಬಂತು ಅಂದುಕೊಳ್ಳುವವರೂ ಇದ್ದಾರೆ. ಒಂದೇ ಕಡೆ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಹೊಟ್ಟೆಯೊಳಗೆ ರಕ್ತ ಸೇರಿದರೆ ಭುಜ ನೋಯುತ್ತೆ.

ಇನ್ನು ನೋವು. ಟ್ಯೂಬ್ ತೆಗೆದರು ಸರಿ, ಗರ್ಭ ಅಲ್ಲೇ ಯಾಕೆ ಸಿಕ್ಕಿಕೊಂಡಿತು ಅಂತ ಯಾರಾದರೂ ನೋಡಿದರಾ? ಎಷ್ಟೋ ಜನರಲ್ಲಿ ಕಾರಣವೇ ಸಿಗಲ್ಲ, ನಿಜ. ಆದರೆ ಹಳೆಯ ಇನ್‌ಫೆಕ್ಷನ್, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯೋ ಕಾಯಿಲೆ), ನಮ್ಮ ದೇಶದಲ್ಲಿ ಗರ್ಭನಾಳದ ಟಿಬಿ ಕೂಡ, ಇವೆಲ್ಲ ಎಕ್ಟೋಪಿಕ್‌ಗೂ ದಾರಿ ಮಾಡುತ್ತವೆ, ಕಿಬ್ಬೊಟ್ಟೆ ನೋವಿಗೂ ಮುಟ್ಟಿನ ತೊಂದರೆಗೂ ಕಾರಣವಾಗುತ್ತವೆ. ಒಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೋಯುತ್ತೆ, ಅದು ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ.

ನನ್ನ ಸ್ಕ್ಯಾನಿಂಗ್ ಪ್ರತಿ ಸಲ ನಾರ್ಮಲ್ ಅಂತಲೇ ಬರ್ತಿತ್ತು, ಒಬ್ಬರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದರು. ಆಮೇಲೆ ಬೇರೊಬ್ಬ ಡಾಕ್ಟರಮ್ಮ ಕೇಳಿದ್ದು ಇಷ್ಟೇ: "ಪಿರಿಯಡ್ಸ್ ಟೈಮಲ್ಲಿ ಮೋಷನ್‌ಗೆ ಕೂತಾಗ ನೋವಾಗುತ್ತಾ? ಗಂಡನ ಜೊತೆ ಸೇರಿದಾಗ?" ಎರಡಕ್ಕೂ ಹೌದು ಅಂದೆ. ಕೊನೆಗೆ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡೋದು) ಎಂಡೋಮೆಟ್ರಿಯೋಸಿಸ್ ಸಿಕ್ಕಿತು. ಈಗ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ತಗೊಳ್ತಿದ್ದೀನಿ, ನೋವು ಪೂರ್ತಿ ಹೋಗಿಲ್ಲ ಆದರೆ ಕೆಲಸಕ್ಕೆ ರಜೆ ಹಾಕುವಷ್ಟಿಲ್ಲ. ಬೇಗ ಮಗು ಬೇಕು ಅಂತಿದ್ದರೆ ಈ ಮಾತ್ರೆ ಆಗಲ್ಲ, ಅದನ್ನು ಮೊದಲೇ ಡಾಕ್ಟರ್‌ಗೆ ಹೇಳಿ.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಜೊತೆ ಬಯಾಪ್ಸಿ ರಿಪೋರ್ಟೂ ಇರಲಿ. ತೆಗೆದ ಟ್ಯೂಬನ್ನು ಸಾಮಾನ್ಯವಾಗಿ ಲ್ಯಾಬ್‌ಗೆ ಕಳಿಸಿರ್ತಾರೆ, ರಿಪೋರ್ಟ್ ಬರೋದು ನಾವು ಮನೆಗೆ ಬಂದ ಮೇಲೆ, ಹಾಗಾಗಿ ತುಂಬಾ ಜನ ಅದನ್ನು ತರೋದೇ ಇಲ್ಲ. ಇನ್‌ಫೆಕ್ಷನ್ ಅಥವಾ ಟಿಬಿಯ ಸುಳಿವು ಇದ್ದರೆ ಅದರಲ್ಲೇ ಸಿಗಬಹುದು. ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.