ಓದುಗರ ಪ್ರಶ್ನೆಗೆ ಉತ್ತರ: ಸೇವೆಯ ನಕ್ಷೆಯನ್ನೂ ಎರಡು ವಾರದ ಸ್ಪ್ರಿಂಟನ್ನೂ ಜೋಡಿಸುವುದು ಹೇಗೆ?

ಪ್ರಶ್ನೆ: ಸಾರ್ವಜನಿಕ ಸೇವೆಯೊಂದಕ್ಕೆ ಆ್ಯಪ್ ರೂಪಿಸುತ್ತಿರುವ ತಂಡದಲ್ಲಿ ನಾನು ಪ್ರಾಡಕ್ಟ್ ಮ್ಯಾನೇಜರ್. ಸರ್ವಿಸ್ ಡಿಸೈನ್ (ಸೇವೆಯ ಒಟ್ಟು ವಿನ್ಯಾಸ) ಮಾಡುವವರು ತಿಂಗಳುಗಟ್ಟಲೆ ಊರೂರು ತಿರುಗಿ, ಅರ್ಜಿದಾರರನ್ನೂ ಸಿಬ್ಬಂದಿಯನ್ನೂ ಮಾತನಾಡಿಸಿ, ಇಡೀ ಸೇವೆಯ ಬ್ಲೂಪ್ರಿಂಟ್, ಅಂದರೆ ಸೇವೆ ಹಂತ ಹಂತವಾಗಿ ನಡೆಯುವ ಬಗೆಯ ನಕ್ಷೆ, ಬರೆದುಕೊಟ್ಟರು. ಎರಡು ವಾರಕ್ಕೊಂದು ಸ್ಪ್ರಿಂಟ್ (ಕೆಲಸದ ಒಂದು ಚಿಕ್ಕ ಸುತ್ತು) ಎಂಬಂತೆ ಕೆಲಸ ಶುರುವಾದ ಮೇಲೆ ಅದು ಗೋಡೆಯ ಮೇಲೇ ಉಳಿದಿದೆ. ಇವೆರಡನ್ನೂ ಬೆಸೆಯುವ ದಾರಿ ಯಾವುದು? — ಮೈಸೂರಿನ ಓದುಗರು

ಉತ್ತರ: ಬ್ಲೂಪ್ರಿಂಟನ್ನು ಬರೆದು ಹಸ್ತಾಂತರಿಸುವ ದಾಖಲೆಯೆಂದು ಭಾವಿಸಿದ್ದರಿಂದಲೇ ಈ ಬಿರುಕು ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. 1984ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಲಿನ್ ಶೋಸ್ಟ್ಯಾಕ್ ಈ ವಿಧಾನವನ್ನು ವಿವರಿಸಿದಾಗ ಬೂಟ್ ಪಾಲಿಶ್‌ನಂಥ ಪುಟ್ಟ ಸೇವೆಯ ನಕ್ಷೆಯಲ್ಲೂ ಕೆಲಸಕ್ಕೆ ಹಿಡಿಯುವ ಸಮಯವನ್ನು ಗುರುತಿಸಿದ್ದರು. ತಪ್ಪಾದ ಬಣ್ಣದ ಪಾಲಿಶ್ ಹಚ್ಚಿಬಿಡುವಂಥ, ಕೆಲಸ ಕೆಡಬಹುದಾದ ಜಾಗವನ್ನೂ ಗ್ರಾಹಕನ ಕಣ್ಣಿಗೆ ಬೀಳುವುದನ್ನೂ ಬೀಳದಿರುವುದನ್ನೂ ಬೇರ್ಪಡಿಸುವ ಗೆರೆಯನ್ನೂ ತೋರಿಸಿದ್ದರು. ಇಂದಿನ ಬಹುಪಾಲು ನಕ್ಷೆಗಳಲ್ಲಿ ಬಣ್ಣದ ಚೀಟಿಗಳಿರುತ್ತವೆಯೇ ಹೊರತು ಸಮಯವೂ ಇರುವುದಿಲ್ಲ, ಕೆಡುವ ಜಾಗವೂ ಇರುವುದಿಲ್ಲ. ಪರೀಕ್ಷಿಸಲು ಏನನ್ನೂ ಕೊಡದ ನಕ್ಷೆಯನ್ನು ಡೆವಲಪರ್‌ಗಳು ಮರೆತರೆ ಅವರನ್ನು ದೂರುವಂತಿಲ್ಲ.

ನಮ್ಮ ಭೂಮಿ ಯೋಜನೆಯನ್ನು ಈ ದೃಷ್ಟಿಯಿಂದ ನೋಡಿ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ ಆರಂಭದಲ್ಲಿ 15 ರೂಪಾಯಿಗೆ ಪ್ರತಿ ಕೊಡುತ್ತಿದ್ದ ವ್ಯವಸ್ಥೆ ಅದು. ಅದರ ಹೆಸರು ದೂರದವರೆಗೆ ಹಬ್ಬಲು ತಂತ್ರಾಂಶವೊಂದೇ ಕಾರಣವಾಗಿರಲಿಲ್ಲ. ಕಂಪ್ಯೂಟರ್ ಪಹಣಿ ಬಂದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಇದು ಕೋಡ್‌ನಲ್ಲಿ ಬರೆಯಲಾಗದ, ಆದರೆ ಕೋಡ್‌ಗೆ ಅರ್ಥ ಕೊಟ್ಟ ನಿರ್ಧಾರ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದೊಳಗೇ ಸೇರಿತು, ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೊಕ್ಕರು. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟು, ತನ್ನ ಸರ್ವೆ ನಂಬರಿನ ಮೇಲೆ ಆಚೆ ಕೂತವರು ಏನು ಮಾಡುತ್ತಿದ್ದಾರೆಂಬುದು ಅವನಿಗೂ ಕಾಣುವಂತೆ ಮಾಡಿದರು. ಮೇಜಿನ ಮೇಲೆ ಮಾನಿಟರ್ ಯಾವ ದಿಕ್ಕಿಗೆ ತಿರುಗಿರಬೇಕು ಎಂಬಂಥ ಪ್ರಶ್ನೆ ಯಾವ ಬ್ಯಾಕ್‌ಲಾಗ್‌ನಲ್ಲೂ (ತಂಡದ ಬಾಕಿ ಕೆಲಸಗಳ ಪಟ್ಟಿಯಲ್ಲೂ) ತಾನಾಗಿ ಹುಟ್ಟುವುದಿಲ್ಲ. ಸೇವೆಯನ್ನು ಇಡಿಯಾಗಿ ನೋಡಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಅದೇ ಯೋಜನೆಯಲ್ಲಿ ಇನ್ನೊಂದು ಪಾಠವೂ ಇದೆ. ಕಿಯೋಸ್ಕ್‌ನಲ್ಲಿ ಪಹಣಿ ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತಿತ್ತು, ಆದರೆ ಮೊದಲು ಗ್ರಾಮ ಲೆಕ್ಕಿಗರ ಬಳಿ ಸಿಗುತ್ತಿದ್ದ ಕಾಗದಕ್ಕೆ ಈಗ ತಾಲ್ಲೂಕು ಕೇಂದ್ರದವರೆಗೆ ಬಸ್ಸು ಹತ್ತಬೇಕಾಯಿತು. ಪ್ರಿಂಟ್ ತೆಗೆಯುವ ವೇಳೆಯನ್ನಷ್ಟೇ ಅಳೆದರೆ ಸೇವೆ ಬಲು ಚುರುಕು; ಮನೆ ಬಿಟ್ಟು ಮನೆ ಸೇರುವ ತನಕ ಅಳೆದರೆ ದೂರದ ಹಳ್ಳಿಯವರಿಗೆ ಒಂದು ದಿನದ ಕೂಲಿಯೇ ಹೋದಂತೆ. ಮುಂದೆ ನಾಡಕಚೇರಿಗಳಲ್ಲೂ ಆಮೇಲೆ ಆನ್‌ಲೈನ್‌ನಲ್ಲೂ ಪಹಣಿ ಸಿಗುವಂತಾದಾಗ ಈ ದೂರ ಕುಗ್ಗಿತು. ಪ್ರತಿ ಸ್ಪ್ರಿಂಟ್‌ನ ಕೊನೆಯಲ್ಲಿ ನೀವು ಅಳೆಯಬೇಕಾದದ್ದು ಇಂಥದ್ದನ್ನೇ. ಎಷ್ಟು ಫೀಚರ್ ಮುಗಿದವು ಎಂಬುದಕ್ಕಿಂತ, ಅರ್ಜಿದಾರರು ಎಷ್ಟು ಸಲ ಅಲೆದರು, ಎಲ್ಲಿ ಕಾದರು, ಯಾವ ದಾಖಲೆಗಾಗಿ ವಾಪಸಾದರು ಎಂಬುದನ್ನು ಕೇಳಿ.

ಆದ್ದರಿಂದ ಕೆಲಸವನ್ನು ಪರದೆಗಳಾಗಿ ಹಂಚಿಕೊಳ್ಳಬೇಡಿ. ಲಾಗಿನ್ ಈ ಸ್ಪ್ರಿಂಟ್, ಅರ್ಜಿ ನಮೂನೆ ಮುಂದಿನದು, ಪಾವತಿ ಅದರಾಚೆಯದು ಎಂದು ಹೊರಟರೆ ಆರು ತಿಂಗಳಾದರೂ ಒಬ್ಬ ನಾಗರಿಕನ ಕೆಲಸವೂ ಪೂರೈಸುವುದಿಲ್ಲ. ಬದಲಿಗೆ ಒಂದೇ ಬಗೆಯ ಅರ್ಜಿಯನ್ನು, ಒಂದೇ ಹೋಬಳಿಯಲ್ಲಿ, ಅರ್ಜಿ ಬಂದಲ್ಲಿಂದ ಪ್ರಮಾಣಪತ್ರ ಕೈ ಸೇರುವವರೆಗೆ ನಡೆಸಿ ನೋಡಿ. ಒಳಗಿನ ಪರಿಶೀಲನೆಯನ್ನು ಸದ್ಯಕ್ಕೆ ಸಿಬ್ಬಂದಿ ಫೋನಿನಲ್ಲೋ ರಿಜಿಸ್ಟರ್‌ನಲ್ಲೋ ಮಾಡಿದರೂ ಸರಿಯೇ. ಯಾವುದನ್ನು ಯಂತ್ರಕ್ಕೆ ವಹಿಸಬೇಕೆಂಬುದು ಆಗ ತಾನೇ ತಿಳಿಯುತ್ತದೆ. ಬ್ಯಾಕ್‌ಲಾಗ್‌ನ ಪ್ರತಿಯೊಂದು ಸ್ಟೋರಿಯೂ (ಬಳಕೆದಾರರಿಗೆ ಬೇಕಾದ ಒಂದು ಚಿಕ್ಕ ಕೆಲಸದ ವಿವರಣೆ) ನಕ್ಷೆಯ ಯಾವ ಹಂತಕ್ಕೆ ಸೇರಿದ್ದು, ಅದರಿಂದ ತೆರೆಮರೆಯಲ್ಲಿ ಯಾರ ಕೆಲಸ ಬದಲಾಗುತ್ತದೆ ಎಂಬುದನ್ನು ಬರೆದಿಡಿ. ಸ್ಪ್ರಿಂಟ್ ರಿವ್ಯೂಗೆ ಕೌಂಟರಿನಲ್ಲಿ ಕೂರುವವರನ್ನೂ ತಪ್ಪದೆ ಕರೆಯಿರಿ, ಮತ್ತು ಸುಳ್ಳೆಂದು ಕಂಡುಬಂದ ಊಹೆಯನ್ನು ಅದೇ ಸಭೆಯಲ್ಲಿ ನಕ್ಷೆಯಿಂದ ಹೊಡೆದುಹಾಕಿ.

ಪ್ರಶ್ನೆ: ಮೊದಲೇ ಇಡೀ ಸೇವೆಯ ನಕ್ಷೆ ಬರೆಯುವುದು ಅಜೈಲ್ (ಕೆಲಸವನ್ನು ಚಿಕ್ಕ ಸುತ್ತುಗಳಲ್ಲಿ ಮಾಡಿ ತಿದ್ದುತ್ತಾ ಹೋಗುವ) ತತ್ವಕ್ಕೆ ವಿರುದ್ಧವಲ್ಲವೇ? — ಬೆಂಗಳೂರಿನ ಓದುಗರು

ಉತ್ತರ: 2001ರ ಅಜೈಲ್ ಪ್ರಣಾಳಿಕೆ ಯೋಜನೆಯನ್ನು ಅನುಸರಿಸುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಎಂದಿತೇ ವಿನಾ ಯೋಜನೆಯೇ ಬೇಡವೆಂದಿಲ್ಲ. ಬ್ರಿಟನ್ ಸರ್ಕಾರ 2011ರಲ್ಲಿ ಸ್ಥಾಪಿಸಿದ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಈ ಎರಡನ್ನೂ ಒಂದೇ ಹಾದಿಯಲ್ಲಿ ತಂದಿರುವುದನ್ನು ಗಮನಿಸಿ: ಡಿಸ್ಕವರಿಯಲ್ಲಿ ಜನರ ತೊಡಕನ್ನು ಅರಿಯುತ್ತಾರೆ, ಆಲ್ಫಾದಲ್ಲಿ ಹಲವು ಪರಿಹಾರಗಳನ್ನು ಮಾಡಿ ನೋಡುತ್ತಾರೆ, ಬೀಟಾದಲ್ಲಿ ನಿಜವಾದ ಬಳಕೆದಾರರಿಗೆ ಒಪ್ಪಿಸುತ್ತಾರೆ, ಲೈವ್ ಆದ ಮೇಲೂ ತಿದ್ದುತ್ತಲೇ ಇರುತ್ತಾರೆ. ಅವರ ಸೇವಾ ಮಾನದಂಡ ಬಳಕೆದಾರರ ಸಮಸ್ಯೆಯನ್ನು ಇಡಿಯಾಗಿ ಬಗೆಹರಿಸಬೇಕೆಂದು ಕೇಳುತ್ತದೆ. ಫೋನು, ಕಾಗದ, ಮುಖಾಮುಖಿ ಭೇಟಿಯ ದಾರಿಗಳೂ ಒಂದಕ್ಕೊಂದು ಹೊಂದಿಕೊಂಡಿರಬೇಕೆನ್ನುತ್ತದೆ. ಡಿಸ್ಕವರಿಯಲ್ಲಿ ಹುಟ್ಟಿದ ನಕ್ಷೆ ಬರೀ ಊಹೆಗಳ ಪಟ್ಟಿ; ಮುಂದಿನ ಹಂತಗಳಲ್ಲಿ ಅದರ ಅರ್ಧ ಬದಲಾದರೂ ಬೇಸರಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಐದು ಜನರ ತಂಡ. ಸರ್ವಿಸ್ ಡಿಸೈನರ್ ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳಲೇಬೇಕೇ? — ಧಾರವಾಡದ ಓದುಗರು

ಉತ್ತರ: ಬೇಕಿಲ್ಲ. ಆದರೆ ಪ್ರತಿ ಸ್ಪ್ರಿಂಟ್‌ನಲ್ಲೂ ನಿಮ್ಮಲ್ಲೊಬ್ಬರು ಸೇವೆ ನಡೆಯುವ ಜಾಗಕ್ಕೆ ಹೋಗಿ ಅರ್ಧ ದಿನ ಕೌಂಟರಿನ ಪಕ್ಕ ಕೂತು ಬರಬೇಕು. ಈ ಕೆಲಸವನ್ನು ಡೆವಲಪರ್‌ಗಳನ್ನೂ ಸೇರಿಸಿ ಸರದಿಯಂತೆ ಹಂಚಿಕೊಳ್ಳಿ, ಮತ್ತು ಸ್ಪ್ರಿಂಟ್ ಪ್ಲಾನಿಂಗ್‌ನಲ್ಲೇ ಅದಕ್ಕೆ ಸಮಯ ತೆಗೆದಿಡಿ.